ಮೋಶನ್ ಕ್ಲಿಯರ್ ಆಯಿತಾ?

ಕಾಸರಗೋಡಿನ ಬೋವಿಕಾನ ಪೇಟೆಯಲ್ಲಿ ಬಸ್ಸಿಳಿದು ಹತ್ತು ನಿಮಿಷ ನಡೆದರೆ ಆ ಮನೆ. ಅಂಗಳ ತುಂಬ ಅಡಿಕೆ ಹರಡಿದೆ. ಜಗಲಿಯಲ್ಲಿ ಮಾವ. ಕನ್ನಡ ಮೇಷ್ಟ್ರ ಕೆಲಸದಿಂದ ನಿವೃತ್ತರಾಗಿ ಹದಿನೆಂಟು ವರ್ಷ ಕಳೆದರೂ ಕೆಂಪು ಪೆನ್ನು ಕಿಸೆಯಿಂದ ಇಳಿದಿಲ್ಲ. ಎದುರಿಗೆ ಅವರ ತಂಗಿಯ ಮಗಳು. ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ ಮದ್ದುಗಳ ಪರೀಕ್ಷೆ ನಡೆಯುವಾಗ ರೋಗಿಗಳ ಜೊತೆ ಕೂತು ಕಾಗದಪತ್ರ ನೋಡಿಕೊಳ್ಳುವುದು ಅವಳ ಕೆಲಸ. ಅವಳ ಕೈಯಲ್ಲಿ ನಾಲ್ಕು ಹಾಳೆ. ಮಾತಾಡಬೇಕಾದ ವಿಷಯ ಇಬ್ಬರಿಗೂ ಮುಜುಗರದ್ದು, ಹಾಗಾಗಿ ಮೊದಲ ಕಾಲು ಗಂಟೆ ಅಡಿಕೆಯ ರೇಟಿನಲ್ಲೇ ಹೋಯಿತು. ಅದನ್ನು ಬಿಟ್ಟು ಉಳಿದದ್ದು ಇದು.

ಮಾವ: ಇದೆಂತ ಮಾರಾಯ್ತಿ? "ಕಳೆದ ಇಪ್ಪತ್ತನಾಲ್ಕು ಗಂಟೆಗಳಲ್ಲಿ ತಮಗೆ ಉಂಟಾದ ಸ್ವಯಂಪ್ರೇರಿತ ಸಂಪೂರ್ಣ ಮಲವಿಸರ್ಜನೆಗಳ ಸಂಖ್ಯೆಯನ್ನು ನಮೂದಿಸಿರಿ." ಪ್ರಶ್ನೆಯೋ, ಜಪ್ತಿ ನೋಟೀಸೋ?

ಸೊಸೆ: ಅದಕ್ಕೇ ನಿಮ್ಮ ಹತ್ತಿರ ತಂದದ್ದು. ಇದು ಆಸ್ಪತ್ರೆಯ ಕಾಗದ ಅಲ್ಲ, ಅದನ್ನು ಹೊರಗೆ ತರುವ ಹಾಗಿಲ್ಲ. ಪುಸ್ತಕಗಳಲ್ಲಿರುವ ಪ್ರಶ್ನೆಗಳನ್ನೇ ನಾನು ಕನ್ನಡ ಮಾಡಿ ನೋಡಿದ್ದು. ಪದ್ಧತಿ ಹೇಗೆ ಅಂದರೆ, ಇಂಥ ಪ್ರಶ್ನೆಪತ್ರಿಕೆಯನ್ನು ಒಬ್ಬರು ಕನ್ನಡ ಮಾಡುತ್ತಾರೆ. ಮೂಲವನ್ನು ನೋಡದ ಇನ್ನೊಬ್ಬರು ಅದನ್ನು ವಾಪಸ್ ಇಂಗ್ಲಿಷ್ ಮಾಡುತ್ತಾರೆ. ಎರಡನ್ನೂ ಪಕ್ಕಪಕ್ಕ ಇಟ್ಟು ಎಲ್ಲಿ ಅರ್ಥ ಜಾರಿತು ಅಂತ ಹುಡುಕುತ್ತಾರೆ. ಕೊನೆಗೆ ಸಾಮಾನ್ಯ ಜನರಿಗೆ ಓದಲು ಕೊಟ್ಟು, ನಿಮಗೆ ಏನು ಗೊತ್ತಾಯಿತು ಅಂತ ಕೇಳುತ್ತಾರೆ. ನಾನು ಕೊನೆಯದನ್ನು ಮೊದಲೇ ಮಾಡುತ್ತಿದ್ದೇನೆ.

ಮಾವ: ಅಂದರೆ ನಾನು ಸಾಮಾನ್ಯ ಜನ.

ಸೊಸೆ: ಮೂವತ್ತು ವರ್ಷದ ಅನುಭವ ಇರುವ ಸಾಮಾನ್ಯ ಜನ.

ಮಾವ: ಮೆಲ್ಲ ಹೇಳು, ಅಂಗಳದಲ್ಲಿ ಅಡಿಕೆ ಹೆಕ್ಕುವವರಿದ್ದಾರೆ. ಇದನ್ನು ಸರಳ ಮಾಡು. "ಎಷ್ಟು ಸಲ ಹೊರಗೆ ಹೋದಿರಿ?" ಸಾಕಲ್ಲ?

ಸೊಸೆ: ಕೇಳಿ ನೋಡಿದ್ದೇನೆ. ಆಚೆ ಮನೆಯ ಅಜ್ಜಿ, "ಎರಡು ಸಲ ಮುಳ್ಳೇರಿಯಕ್ಕೆ, ಒಂದು ಸಲ ಮದುವೆಗೆ" ಅಂದರು. ಹುಡುಗಿಯರಿಗೆ ಹೊರಗೆ ಅಂದರೆ ತಿಂಗಳಿನದ್ದು.

ಮಾವ: ಅದೂ ಹೌದು. ಹವ್ಯಕರು ಹೆರ ಹೋಪದು ಅನ್ನುತ್ತಾರೆ, ತುಳುವಿನಲ್ಲಿ ಪಿದಾಯಿ ಪೋಪಿನಿ. ಕಕ್ಕಸು ಮನೆಯೊಳಗೆ ಬಂದು ನಲವತ್ತು ವರ್ಷ ಆಯಿತು, ಮಾತು ಇನ್ನೂ ಗುಡ್ಡೆಯಲ್ಲೇ ಕೂತಿದೆ.

ಸೊಸೆ: ಹಾಗಾದರೆ ಡಾಕ್ಟರ ಎದುರು ಕೂತಾಗ ಜನ ನಿಜವಾಗಿ ಏನು ಹೇಳುತ್ತಾರೆ? ನೀವು ಏನು ಹೇಳುತ್ತೀರಿ?

ಮಾವ: ಉಷ್ಣ ಆಗಿದೆ ಅನ್ನುತ್ತೇನೆ. ಅವರಿಗೆ ಅರ್ಥ ಆಗದಿದ್ದರೆ, "ಮೋಶನ್ ಕ್ಲಿಯರ್ ಆಗುವುದಿಲ್ಲ ಡಾಕ್ಟ್ರೇ."

ಸೊಸೆ: ನೋಡಿ! ಕನ್ನಡದವರಾಗಲಿ, ಮಲಯಾಳದವರಾಗಲಿ, ಬ್ಯಾರಿ ಮಾತಾಡುವವರಾಗಲಿ, ನಾನು ಕೇಳಿದವರೆಲ್ಲ ಅದೇ ಮೋಶನ್ ಅಂದರು. ಏಳು ಭಾಷೆಯ ಊರಿಗೆ ಎಂಟನೆಯದರಿಂದ ಸಾಲ ತಂದ ಶಬ್ದ. ಮತ್ತೆ ನಿಮ್ಮ ಮೂರು ಶಬ್ದದಲ್ಲಿ ಈ ಪರೀಕ್ಷೆಗಳ ಮುಖ್ಯ ಅಳತೆಯೇ ಬಂದುಬಿಟ್ಟಿತು. ಮೋಶನ್ ಆಗುವುದು ಒಂದು. ಕ್ಲಿಯರ್ ಆಗುವುದು ಅದಕ್ಕಿಂತ ಬೇರೆ. ಹೋಗಿ ಬಂದ ಮೇಲೂ ಇನ್ನೂ ಒಳಗೆ ಉಳಿದಿದೆ ಅಂತ ಅನಿಸಿದರೆ ಅದು ಈ ಲೆಕ್ಕಕ್ಕೆ ಬರುವುದಿಲ್ಲ. ನನ್ನ ಹಾಳೆಯಲ್ಲಿ "ಸಂಪೂರ್ಣ" ಅಂತ ಇದೆಯಲ್ಲ, ಅದು ನಿಮ್ಮ ಕ್ಲಿಯರ್.

ಮಾವ: ಮತ್ತೆ ಈ ಸ್ವಯಂಪ್ರೇರಿತ? ನನ್ನನ್ನು ಯಾರೂ ಇವತ್ತಿನವರೆಗೆ ಪ್ರೇರೇಪಿಸಿದ್ದಿಲ್ಲ.

ಸೊಸೆ: ಬೇರೆ ಮದ್ದಿನ ಬಲ ಇಲ್ಲದೆ ಆದದ್ದು ಅಂತ. ಪರೀಕ್ಷೆಗೆ ಸೇರಿದವರಿಗೆ ಮೂರು ದಿನ ಏನೂ ಆಗಲಿಲ್ಲ ಅಂದರೆ ಅವರನ್ನು ಹಾಗೇ ನರಳಲು ಬಿಡುವುದಿಲ್ಲ. ಬಿಸಾಕೊಡಿಲ್ ಮಾತ್ರೆ ಕೊಟ್ಟಿರುತ್ತಾರೆ, ತಕ್ಕೊಳ್ಳಬಹುದು. ಆದರೆ ಅದನ್ನು ತಕ್ಕೊಂಡು ಇಪ್ಪತ್ತನಾಲ್ಕು ಗಂಟೆಯೊಳಗೆ ಆದ ಮೋಶನ್ ಪರೀಕ್ಷೆಯ ಮದ್ದಿನ ಖಾತೆಗೆ ಜಮೆ ಆಗುವುದಿಲ್ಲ.

ಮಾವ: ಹಾಗಾದರೆ ಹೀಗೆ ಬರೆ: "ಬೇರೆ ಮದ್ದು ತೆಗೆದುಕೊಳ್ಳದೆ, ಪೂರ್ತಿ ಕ್ಲಿಯರ್ ಆಯಿತು ಅನ್ನಿಸಿದ ಮೋಶನ್ ಇವತ್ತು ಎಷ್ಟು ಸಲ ಆಯಿತು?" ವ್ಯಾಕರಣದ ಪಂಡಿತರು ನನ್ನನ್ನು ಬಯ್ಯಲಿ. ಆದರೆ ಒಂದು ಮಾತು. ಸಕ್ಕರೆ ಕಾಯಿಲೆಗೆ ರಕ್ತ ತೆಗೆಯುತ್ತಾರೆ, ಬೀಪಿಗೆ ತೋಳಿಗೆ ಪಟ್ಟಿ ಕಟ್ಟುತ್ತಾರೆ. ಇಲ್ಲಿ ನನ್ನ "ಅನ್ನಿಸಿತು" ಎಂಬ ಶಬ್ದದ ಮೇಲೆ ಕೋಟಿಗಟ್ಟಲೆ ಸುರಿಯುತ್ತಾರಾ?

ಸೊಸೆ: ಬೇರೆ ಅಳತೆ ಇಲ್ಲ ಅಂತಲ್ಲ. ಎಕ್ಸ್‌ರೇಯಲ್ಲಿ ಕಾಣುವ ಸಣ್ಣ ಸಣ್ಣ ತುಣುಕು ನುಂಗಿಸಿ, ಕರುಳಿನಲ್ಲಿ ಎಷ್ಟು ದಿನ ಉಳಿಯುತ್ತವೆ ಅಂತ ನೋಡಬಹುದು. ತೂಕವನ್ನೂ ಮಾಡಿದ್ದಾರೆ. ಉತ್ತರ ಭಾರತದವರದ್ದು ದಿನಕ್ಕೆ ಸರಾಸರಿ 300 ಗ್ರಾಂ ದಾಟುತ್ತದೆ ಅಂತ 1975ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು.

ಮಾವ: ಅಡಿಕೆಯ ತಕ್ಕಡಿ ಕೇಳಿಕೊಂಡು ಬಂದಿಲ್ಲವಲ್ಲ, ಪುಣ್ಯ.

ಸೊಸೆ: ಆದರೆ ನೀವು ಡಾಕ್ಟರ ಹತ್ತಿರ ಹೋಗುವುದು ತೂಕ ಕಡಿಮೆ ಆಯಿತು ಅಂತ ಅಲ್ಲ, ಹೊಟ್ಟೆ ಹಗುರ ಆಗಲಿಲ್ಲ ಅಂತ. ಎಕ್ಸ್‌ರೇ ಚೆನ್ನಾಗಿದೆ, ಮನುಷ್ಯ ಮಾತ್ರ ಕಕ್ಕಸಿನಲ್ಲಿ ಮುಕ್ಕಾಲು ಗಂಟೆ ಕೂತಿದ್ದಾನೆ ಅಂದರೆ ಆ ಮದ್ದು ಯಾಕೆ? ಹಾಗಾಗಿ ಕೊನೆಗೂ ರೋಗಿಯ ಮಾತೇ ಅಳತೆಗೋಲು. ಆ ಮಾತು ಸೊಟ್ಟಗಿದ್ದರೆ ಅದರಿಂದ ಅಳೆದದ್ದೆಲ್ಲ ಸೊಟ್ಟ.

ಮಾವ: ಸುಳ್ಳು ಬರೆದರೆ?

ಸೊಸೆ: ಸುಳ್ಳಿಗಿಂತ ಮರೆವು ಜಾಸ್ತಿ. ದಿನಾ ರಾತ್ರಿ ಬರೆಯಬೇಕಾದ ಡೈರಿಯನ್ನು ಆಸ್ಪತ್ರೆಯ ಬೆಂಚಿನಲ್ಲಿ ಕೂತು ಒಟ್ಟಿಗೆ ತುಂಬಿಸುವವರಿದ್ದಾರೆ. ಒಂದೇ ಪೆನ್ನು, ಒಂದೇ ಓಟ, ಹದಿನಾಲ್ಕು ದಿನ.

ಮಾವ: ರಜೆಯ ಕಾಪಿ ಬರಹ! ಜೂನ್ ಒಂದರ ಬೆಳಿಗ್ಗೆ ಶಾಲೆಯ ಮೆಟ್ಟಿಲಲ್ಲಿ ಕೂತು ಎರಡು ತಿಂಗಳಿನದ್ದು ಬರೆಯುತ್ತಿದ್ದವರನ್ನು ನಾನು ಅಕ್ಷರ ನೋಡಿಯೇ ಹಿಡಿಯುತ್ತಿದ್ದೆ.

ಸೊಸೆ: ಅದಕ್ಕೇ ಈಗ ಕೆಲವು ಕಡೆ ಮೊಬೈಲಿನಲ್ಲಿ ಡೈರಿ. ಬರೆದ ಹೊತ್ತು ಅದರಲ್ಲೇ ದಾಖಲಾಗುತ್ತದೆ. ಅಜ್ಜಿಯಂದಿರಿಗೆ ಅದು ಕಷ್ಟ, ಮೊಮ್ಮಕ್ಕಳು ತುಂಬಿಸುತ್ತಾರೆ. ಅಜ್ಜಿಯ ಹೊಟ್ಟೆಯ ಸುದ್ದಿ ಮೊಮ್ಮಗನ ಬೆರಳಿನಿಂದ ಬರುವಾಗ ಅರ್ಧ ಅಲ್ಲೇ ಉದುರಿರುತ್ತದೆ, ಅದು ಬೇರೆ ಮಾತು. ಈಗ ಎರಡನೇ ಹಾಳೆ ನೋಡಿ.

ಮಾವ: ಚಿತ್ರ ಉಂಟು. ಏಳು. ಇದೆಂತ... ಛೀ.

ಸೊಸೆ: ಬ್ರಿಸ್ಟಲ್ ಪಟ್ಟಿ. ಇಂಗ್ಲೆಂಡಿನ ಬ್ರಿಸ್ಟಲ್‌ನ ಇಬ್ಬರು ವೈದ್ಯರು, ಲೂಯಿಸ್ ಮತ್ತು ಹೀಟನ್, ಇದನ್ನು ಒರೆಗೆ ಹಚ್ಚಿ 1997ರಲ್ಲಿ ಪ್ರಕಟಿಸಿದರು. 66 ಮಂದಿ ಸ್ವಯಂಸೇವಕರಿಗೆ ನಾನು ಆಗ ಹೇಳಿದ ತುಣುಕುಗಳನ್ನು ನುಂಗಿಸಿದರು. ಸೋನಾಮುಖಿ ಕೊಟ್ಟು ಕರುಳಿನ ಓಟ ಹೆಚ್ಚಿಸಿದರು, ಲೋಪೆರಮೈಡ್ ಕೊಟ್ಟು ನಿಧಾನ ಮಾಡಿದರು. ಓಟ ಬದಲಾದ ಹಾಗೆ ಮಲದ ರೂಪವೂ ಬದಲಾಯಿತು. ಎಷ್ಟು ಸಲ ಹೋದಿರಿ ಎಂಬುದಕ್ಕಿಂತ ಹೇಗಿತ್ತು ಎಂಬುದು ಕರುಳಿನ ವೇಗವನ್ನು ಚೆನ್ನಾಗಿ ಹೇಳುತ್ತದೆ ಅಂತ ಗೊತ್ತಾಯಿತು. ಒಂದನೆಯದು ಬಿಡಿಬಿಡಿ ಗಟ್ಟಿ ಉಂಡೆ, ಏಳನೆಯದು ನೀರು.

ಮಾವ: ಒಂದನೆಯದಕ್ಕೆ "ಬೀಜಗಳಂತೆ" ಅಂತ ಬರೆದಿದ್ದೀ. ಈ ಊರಿನಲ್ಲಿ ಬೀಜ ಅಂದರೆ ಗೇರುಬೀಜ. "ಆಡಿನ ಹಿಕ್ಕೆಯ ಹಾಗೆ" ಅಂತ ಬರೆ. ಎರಡನೆಯದು, "ಉಬ್ಬುತಗ್ಗಿನ ಸಾಸೇಜಿನಂತೆ". ಸಾಸೇಜು ಅಂದರೆ ಎಂತ?

ಸೊಸೆ: ಮಾಂಸದ್ದು. ನೀವು ತಿನ್ನುವಂಥದ್ದಲ್ಲ.

ಮಾವ: ಈ ಪೇಟೆಯಲ್ಲಿ ಮಾಂಸ ತಿನ್ನುವವರಲ್ಲೂ ಎಷ್ಟು ಮಂದಿ ಅದನ್ನು ಕಂಡಿದ್ದಾರೆ? ಮರಗೆಣಸಿನ ಹಾಗೆ ಅನ್ನು. ನಾಲ್ಕನೆಯದಕ್ಕೆ ಕದಳಿ ಬಾಳೆಹಣ್ಣು. ಆರನೆಯದಕ್ಕೆ... ಬೇಡ, ಗಂಜಿ ಅಂತ ಬರೆದರೆ ನಾಳೆ ಬೆಳಿಗ್ಗೆ ನನಗೆ ಗಂಜಿ ಇಳಿಯಲಿಕ್ಕಿಲ್ಲ. ಅದಕ್ಕೆ ಚಿತ್ರವೇ ಸಾಕು.

ಸೊಸೆ: ನೀವು ನಕ್ಕಿರಿ. ಕೇಳಲಿಕ್ಕೆ ಬಂದವಳು ಮೊದಲು ನಗಿಸಬೇಕು ಅಂತ ಕೆಲಸ ಕಲಿಸಿದವರು ಹೇಳಿದ್ದರು. ಮೂರನೇ ಹಾಳೆ, ಯಾರನ್ನು ಸೇರಿಸಬೇಕು ಎಂಬುದು. ರೋಮ್ ಮಾನದಂಡ ಅಂತ ಹೆಸರು. ನಾಲ್ಕನೇ ಆವೃತ್ತಿ 2016ರದ್ದು. ತಿಣುಕುವುದು, ಗಟ್ಟಿಯಾಗುವುದು, ಕ್ಲಿಯರ್ ಆಗದಿರುವುದು, ಬಾಗಿಲಲ್ಲಿ ತಡೆದ ಹಾಗೆ ಅನಿಸುವುದು, ವಾರಕ್ಕೆ ಮೂರಕ್ಕಿಂತ ಕಡಿಮೆ... ಇನ್ನೊಂದು ಉಂಟು, ಆಮೇಲೆ ಹೇಳುತ್ತೇನೆ. ಆರರಲ್ಲಿ ಎರಡಾದರೂ ಇರಬೇಕು. ಶುರುವಾಗಿ ಆರು ತಿಂಗಳು ಆಗಿರಬೇಕು, ಕಳೆದ ಮೂರು ತಿಂಗಳು ಬಿಡದೆ ಇರಬೇಕು.

ಮಾವ: ವಾರಕ್ಕೆ ಮೂರಕ್ಕಿಂತ ಕಡಿಮೆ ಆದರೆ ಮಾತ್ರ ಕಾಯಿಲೆಯಾ? ನಮ್ಮಲ್ಲಿ ಒಂದು ದಿನ ತಪ್ಪಿದರೆ ಮನೆಯಲ್ಲಿ ಕಷಾಯಕ್ಕೆ ನೀರು ಇಡುತ್ತಾರೆ.

ಸೊಸೆ: ನಮ್ಮ ದೇಶದ ಜಠರ ತಜ್ಞರೂ ಇದನ್ನೇ ಹೇಳುತ್ತಾರೆ. ಅವರ ಸಂಘದ ಕಾರ್ಯಪಡೆ 2008ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ಹೊಟ್ಟೆಯ ದೂರಿಲ್ಲದ ಹೆಚ್ಚುಕಡಿಮೆ ಎಲ್ಲರೂ ದಿನಕ್ಕೆ ಒಂದು ಸಲವಾದರೂ ಹೋಗುವವರೇ. ವಾರಕ್ಕೆ ಮೂರು ಎಂಬ ಗೆರೆ ಪಶ್ಚಿಮದವರ ಹೊಟ್ಟೆಗೆ ಎಳೆದದ್ದು. ಅದನ್ನೇ ಇಲ್ಲಿಗೆ ತಂದರೆ, ದಿನಾ ಹೋಗಿಯೂ ದಿನಾ ಒದ್ದಾಡುವ ನಿಮ್ಮಂಥವರು ಬಾಗಿಲ ಹೊರಗೇ ಉಳಿಯುತ್ತಾರೆ.

ಮಾವ: ನಾನು ಬಾಗಿಲ ಹೊರಗೆ ಕೂತೇ ಮೂವತ್ತು ವರ್ಷ ಪರೀಕ್ಷೆ ಮಾಡಿದವನು. ಅಣಿಲೆಕಾಯಿ, ತ್ರಿಫಲೆ, ಸೋನಾಮುಖಿ. ಆಟಿ ತಿಂಗಳಲ್ಲಿ ಅಪ್ಪ ಮಕ್ಕಳನ್ನೆಲ್ಲ ಸಾಲಾಗಿ ನಿಲ್ಲಿಸಿ ಹರಳೆಣ್ಣೆ ಕುಡಿಸುತ್ತಿದ್ದರು, ಆವತ್ತು ಶಾಲೆಗೆ ರಜೆ. ಆಮೇಲೆ ಇಸಬ್‌ಗೋಲ್ ಬಂತು. ಅದರಲ್ಲೂ ಒಂದು ವರ್ಷದಲ್ಲಿ ಎರಡು ತಿಂಗಳು ಅಷ್ಟು ಚೆನ್ನಾಗಿ ಕೆಲಸ ಮಾಡಿತು ಅಂದರೆ ನಾನು ಶಾಲೆಯ ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಶಿಫಾರಸು ಮಾಡಿದೆ.

ಸೊಸೆ: ಯಾವ ತಿಂಗಳು?

ಮಾವ: ಮೇ, ಜೂನ್.

ಸೊಸೆ: ಹಲಸಿನ ಹಣ್ಣು.

ಮಾವ: ...ಹೌದಲ್ಲ.

ಸೊಸೆ: ಮತ್ತೆ ಮೇಯಲ್ಲಿ ಬೇಸಿಗೆ ರಜೆ. ಬೆಳಿಗ್ಗೆ ಗಡಿಬಿಡಿ ಇಲ್ಲ, ಕೂರಲಿಕ್ಕೆ ಪುರುಸೊತ್ತು ಉಂಟು. ಇನ್ನೂ ಒಂದು ಹೇಳುತ್ತೇನೆ. ಹೊಸ ಮದ್ದು ನೀವು ಯಾವಾಗ ಶುರುಮಾಡುತ್ತೀರಿ? ತೀರಾ ತಡೆಯದಾದಾಗ. ತೀರಾ ಕೆಟ್ಟ ವಾರದ ನಂತರ ಬರುವ ವಾರ ಏನೂ ಮಾಡದಿದ್ದರೂ ಸ್ವಲ್ಪ ಒಳ್ಳೆಯದೇ ಇರುತ್ತದೆ. ಆ ಹೆಸರು ಮದ್ದಿಗೆ ಹೋಗುತ್ತದೆ. ಇದನ್ನು ಬೇರೆ ಮಾಡಲಿಕ್ಕೇ ಮದ್ದಿಲ್ಲದ ಮಾತ್ರೆ ಬೇಕು, ಪ್ಲಾಸಿಬೊ. ನೋಡಲಿಕ್ಕೆ, ರುಚಿಗೆ ಅದೇ ಥರ. ಯಾರಿಗೆ ಯಾವುದು ಎಂಬುದನ್ನು ಚೀಟಿ ಎತ್ತಿದ ಹಾಗೆ ಕಂಪ್ಯೂಟರ್ ತೀರ್ಮಾನಿಸುತ್ತದೆ. ಡಾಕ್ಟರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ.

ಮಾವ: ಖಾಲಿ ಮಾತ್ರೆಯಿಂದ ಯಾರಿಗಾದರೂ ಕ್ಲಿಯರ್ ಆಗುತ್ತದಾ?

ಸೊಸೆ: ಪ್ರುಕಲೊಪ್ರೈಡ್ ಅಂತ ಒಂದು ಮದ್ದು ಉಂಟು, ಈಗ ನಮ್ಮ ಮೆಡಿಕಲ್ ಶಾಪುಗಳಲ್ಲೂ ಸಿಗುತ್ತದೆ. ಅದರ ದೊಡ್ಡ ಪರೀಕ್ಷೆ 2008ರಲ್ಲಿ ಪ್ರಕಟವಾಯಿತು. 620 ಮಂದಿ, ಹನ್ನೆರಡು ವಾರ. ವಾರಕ್ಕೆ ಸರಾಸರಿ ಮೂರು ಸಲವಾದರೂ ಬೇರೆ ಮದ್ದಿನ ಬಲ ಇಲ್ಲದೆ ಕ್ಲಿಯರ್ ಆಗಬೇಕು, ಗೆದ್ದ ಲೆಕ್ಕ ಅದು. ಎರಡು ಮಿಲಿಗ್ರಾಂ ತಕ್ಕೊಂಡವರಲ್ಲಿ ಶೇಕಡಾ 30.9 ಮಂದಿ ಗೆದ್ದರು. ಖಾಲಿ ಮಾತ್ರೆಯಲ್ಲಿ ಶೇಕಡಾ 12.

ಮಾವ: ನಿಲ್ಲು. ಹೊಸ ಮದ್ದು, ಅಷ್ಟು ದೊಡ್ಡ ಪರೀಕ್ಷೆ, ಪಾಸಾದದ್ದು ನೂರರಲ್ಲಿ 31? ನನ್ನ ತರಗತಿಯಲ್ಲಿ ಇಂಥ ಫಲಿತಾಂಶ ಬಂದಿದ್ದರೆ ಎ.ಇ.ಓ. ನನ್ನನ್ನು ಗುಡ್ಡೆಯ ಆಚೆ ವರ್ಗ ಮಾಡುತ್ತಿದ್ದರು.

ಸೊಸೆ: ಆ 31ರಲ್ಲೂ 12 ಮಂದಿಯದ್ದು ಮದ್ದಿನ ಲೆಕ್ಕಕ್ಕೆ ಬರುವುದಿಲ್ಲ. ಉಳಿದದ್ದು 19. ಐದು ಮಂದಿ ನುಂಗಿದರೆ ಒಬ್ಬರಿಗೆ ಆ ಮದ್ದಿನಿಂದಲೇ ಆದ ಉಪಕಾರ. ನಾಲ್ಕು ಮಿಲಿಗ್ರಾಂ ಕೊಟ್ಟರೂ ಹೆಚ್ಚಾಗಲಿಲ್ಲ. ಆದರೆ ಸೇರಿದವರು ಮೊದಲೇ ವಾರಕ್ಕೆ ಎರಡಕ್ಕಿಂತ ಹೆಚ್ಚು ಕ್ಲಿಯರ್ ಆಗದೆ ಸೋತು ಬಂದವರು, ಅವರಿಗೆ ಇಟ್ಟ ಗೆರೆಯೂ ಎತ್ತರದ್ದು. ಅದನ್ನೂ ನೋಡಬೇಕು. ಇದೇ ಮದ್ದಿಗೆ ಯುರೋಪಿನಲ್ಲಿ 2009ರಲ್ಲಿ ಹೆಂಗಸರಿಗೆ ಮಾತ್ರ ಅನುಮತಿ ಸಿಕ್ಕಿದ್ದು.

ಮಾವ: ಗಂಡಸರಿಗೆ ಹೊಟ್ಟೆ ಇಲ್ಲವಾ?

ಸೊಸೆ: ಪರೀಕ್ಷೆಗೆ ಬಂದವರಲ್ಲಿ ಗಂಡಸರು ತೀರಾ ಕಡಿಮೆ. ಈ ಕಾಯಿಲೆ ಹೆಂಗಸರಲ್ಲಿ ಹೆಚ್ಚು ಎಂಬುದು ಒಂದು ಕಾರಣ. ಆಮೇಲೆ ಗಂಡಸರನ್ನೇ ಸೇರಿಸಿ ಬೇರೆ ಪರೀಕ್ಷೆ ಮಾಡಿದರು. ಅವರಿಗೆ ಅನುಮತಿ ಸಿಕ್ಕಿದ್ದು 2015ರಲ್ಲಿ.

ಮಾವ: ನನಗೆ ಒಂದು ತಲೆಗೆ ಹೋಗುವುದಿಲ್ಲ. ಹೊಸ ಮದ್ದನ್ನು ಖಾಲಿ ಮಾತ್ರೆಯ ಜೊತೆ ಓಡಿಸಿ ಗೆದ್ದಿತು ಅನ್ನುವುದು ಎಂಥ ಪೌರುಷ? ಹರಳೆಣ್ಣೆಯ ಜೊತೆ ಓಡಿಸಲಿ. ಸೋನಾಮುಖಿಯ ಜೊತೆ ಓಡಿಸಲಿ. ಕಂಬಳದಲ್ಲಿ ಒಂದೇ ಜೋಡಿ ಕೋಣ ಓಡಿಸಿ ಮೆಡಲ್ ಕೊಡುತ್ತಾರಾ?

ಸೊಸೆ: ನನಗೂ ಇದೇ ಸಿಟ್ಟು. ಅಪರೂಪಕ್ಕೆ ಓಡಿಸಿದ್ದಾರೆ. 2013ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ 240 ಹೆಂಗಸರಿಗೆ ನಾಲ್ಕು ವಾರ ಪ್ರುಕಲೊಪ್ರೈಡ್ ಅಥವಾ ಪಾಲಿಇಥಿಲೀನ್ ಗ್ಲೈಕಾಲ್ ಕೊಟ್ಟರು. ನೀರಿಗೆ ಕಲಸಿ ಕುಡಿಯುವ ಹುಡಿ, ಹಳೆಯ ಮದ್ದು. ಹಳೆಯದು ಹೊಸದಕ್ಕಿಂತ ಕಡಿಮೆ ಆಗಲಿಲ್ಲ. ಜಪಾನಿನಲ್ಲಿ 90 ಮಂದಿಗೆ ಸೋನಾಮುಖಿ, ಮೆಗ್ನೀಶಿಯಂ ಆಕ್ಸೈಡ್, ಖಾಲಿ ಮಾತ್ರೆ ಅಂತ ಮೂರು ಪಾಲು ಮಾಡಿ ನಾಲ್ಕು ವಾರ ನೋಡಿದರು, ವರದಿ 2021ರದ್ದು. ಮೊದಲ ಎರಡರಲ್ಲೂ ನೂರಕ್ಕೆ 70ರ ಹತ್ತಿರ ಜನ ಸುಧಾರಿಸಿದೆ ಅಂದರು, ಖಾಲಿಯಲ್ಲಿ 12ರ ಹತ್ತಿರ.

ಮಾವ: ಹಾಗೆ ಹೇಳು! ತಿರುನೆಲ್ವೇಲಿಯ ಸೋನಾಮುಖಿ ಎಲೆ ಗೆದ್ದಿತು.

ಸೊಸೆ: ಮೆಲ್ಲ. ಅಲ್ಲಿ ಗೆರೆ ಬೇರೆ, ಜನ ಬೇರೆ, ಹೊತ್ತು ಕಡಿಮೆ. ನೂರಕ್ಕೆ 70, ನೂರಕ್ಕೆ 31 ಅಂತ ಎರಡು ಪರೀಕ್ಷೆಗಳ ಅಂಕಿಯನ್ನು ಎದುರುಬದುರು ಇಡಲಿಕ್ಕಾಗುವುದಿಲ್ಲ. ಒಂದು ಶಾಲೆಯ ಯುನಿಟ್ ಟೆಸ್ಟು, ಇನ್ನೊಂದು ಪಬ್ಲಿಕ್ ಪರೀಕ್ಷೆ. ನಾಲ್ಕು ವಾರದ್ದನ್ನು ನೋಡಿ ನಾಲ್ಕು ವರ್ಷ ತಿನ್ನಬಹುದು ಅಂತಲೂ ಹೇಳಲಿಕ್ಕಾಗುವುದಿಲ್ಲ. ದೊಡ್ಡದಾಗಿ ಯಾಕೆ ಮಾಡುವುದಿಲ್ಲ ಅಂದರೆ, ದುಡ್ಡು ಹಾಕುವವರು ಯಾರು? ಗುಜರಾತಿನಲ್ಲಿ, ರಾಜಸ್ಥಾನದಲ್ಲಿ ಗದ್ದೆಗಟ್ಟಲೆ ಇಸಬ್‌ಗೋಲ್ ಬೆಳೆಯುತ್ತದೆ, ಅದಕ್ಕೆ ಪೇಟೆಂಟ್ ಇಲ್ಲ. ಅದೇ ಲೋಳೆ ಲೋಳೆಯ ಖಾಲಿ ಹುಡಿ ತಯಾರಿಸುವುದೂ ಕಷ್ಟ, ಬಾಯಿಗೆ ಹಾಕಿದ ಕೂಡಲೇ ಗೊತ್ತಾಗುತ್ತದೆ.

ಮಾವ: ಹರಳೆಣ್ಣೆಗೆ ಖಾಲಿ ಜೋಡಿ ಮಾಡಲಿಕ್ಕೆ ಬ್ರಹ್ಮನಿಂದಲೂ ಆಗಲಿಕ್ಕಿಲ್ಲ. ಆ ವಾಸನೆ!

ಸೊಸೆ: ಅದು ಹೇಗೆ ಕೆಲಸ ಮಾಡುತ್ತದೆ ಎಂಬುದು ಬಿಡಿಸಿ ಗೊತ್ತಾದದ್ದೇ 2012ರಲ್ಲಿ, ಜರ್ಮನಿಯಲ್ಲಿ. ಎಣ್ಣೆ ಹೊಟ್ಟೆಯಲ್ಲಿ ಒಡೆದು ರಿಸಿನೋಲಿಕ್ ಆಮ್ಲ ಆಗುತ್ತದೆ, ಅದು ಕರುಳಿನ ಸ್ನಾಯುವಿನ ಒಂದು ನಿರ್ದಿಷ್ಟ ಗ್ರಾಹಿಗೆ ಹೋಗಿ ಕೂರುತ್ತದೆ. ನಿಮ್ಮ ಅಪ್ಪ ಆ ಗ್ರಾಹಿಯ ಹೆಸರು ಕೇಳದೆಯೇ ಕೆಲಸ ಮಾಡಿಸಿದರು.

ಮಾವ: ಎಲೆಯಡಿಕೆ? ಬೆಳಿಗ್ಗೆ ಕಾಫಿಯ ಮೇಲೆ ಒಂದು ಹೋಳು ಅಡಿಕೆ ಬಾಯಿಗೆ ಬೀಳದಿದ್ದರೆ ಅರ್ಧ ಊರಿಗೆ ಬಾಗಿಲು ತೆರೆಯುವುದಿಲ್ಲ.

ಸೊಸೆ: ಅಡಿಕೆಯ ಅರೆಕೊಲಿನ್ ಕರುಳನ್ನು ಕೆರಳಿಸುವಂಥದ್ದೇ. ಹಿಂದೆ ನಾಯಿಗಳಿಗೆ ಹುಳ ಇಳಿಸಲಿಕ್ಕೆ ಅದನ್ನೇ ಕೊಡುತ್ತಿದ್ದರು. ಆದರೆ ಅಡಿಕೆ ಜಗಿಯುವುದನ್ನು ಕ್ಯಾನ್ಸರ್ ತರುವ ಪಟ್ಟಿಗೆ...

ಮಾವ: ಅಂಗಳದಲ್ಲಿ ಅಡಿಕೆ ಹರಡಿದ ಮನೆಯಲ್ಲಿ ಕೂತು ಆ ಮಾತು ಎತ್ತಬೇಡ. ಮುಂದೆ ಹೋಗು.

ಸೊಸೆ: ಮುಂದಿನದು ಅಪಾಯದ ವಿಷಯ. ಟೆಗಾಸೆರೋಡ್ ಅಂತ ಒಂದು ಮದ್ದು. ಅಮೆರಿಕದಲ್ಲಿ 2002ರಲ್ಲಿ ಕರುಳಿನ ಇನ್ನೊಂದು ತೊಂದರೆಗೆ ಬಂತು, 2004ರಲ್ಲಿ ಹಳೆಯ ಮಲಬದ್ಧತೆಗೂ ಅನುಮತಿ ಸಿಕ್ಕಿತು. ಚೆನ್ನಾಗಿಯೇ ನಡೆಯುತ್ತಿತ್ತು. ಆಮೇಲೆ ಹಳೆಯ ಪರೀಕ್ಷೆಗಳನ್ನೆಲ್ಲ ಒಟ್ಟು ಹಾಕಿ ಎಣಿಸಿದರು. ಮದ್ದು ತಿಂದ 11,614 ಮಂದಿಯಲ್ಲಿ 13 ಮಂದಿಗೆ ಹೃದಯಾಘಾತ, ಪಾರ್ಶ್ವವಾಯು ಥರದ ತೊಂದರೆ. ಖಾಲಿ ಮಾತ್ರೆಯ 7,031 ಮಂದಿಯಲ್ಲಿ ಒಬ್ಬರಿಗೆ. 2007ರ ಮಾರ್ಚ್‌ನಲ್ಲಿ ಮಾರಾಟ ನಿಲ್ಲಿಸಿದರು. ಭಾರತದಲ್ಲಿ ನಿಷೇಧ ಬಂದದ್ದು 2011ರಲ್ಲಿ.

ಮಾವ: ಹನ್ನೊಂದು ಸಾವಿರದಲ್ಲಿ ಹದಿಮೂರು. ಸಣ್ಣ ಲೆಕ್ಕ ಅಲ್ಲವಾ?

ಸೊಸೆ: ಕ್ಯಾನ್ಸರಿನ ಮದ್ದಿಗಾದರೆ ಸಣ್ಣದು. ಇದು ಪ್ರಾಣ ತೆಗೆಯದ ಕಾಯಿಲೆ ಮಾವ. ಹೊಟ್ಟೆ ಹಗುರ ಆಗಲಿ ಅಂತ ನುಂಗಿದ ಮಾತ್ರೆಯಿಂದ ಒಬ್ಬರ ಎದೆ ನಿಂತರೂ ಅದು ಹೆಚ್ಚೇ. ಮತ್ತೆ ಗಮನಿಸಿ, 620 ಮಂದಿಯ ಒಂದು ಪರೀಕ್ಷೆಯಲ್ಲಿ ಇದು ಕಣ್ಣಿಗೆ ಬೀಳುವುದೇ ಇಲ್ಲ. ಖಾಲಿ ಮಾತ್ರೆ ತಿಂದ ಆ ಏಳು ಸಾವಿರ ಮಂದಿ ಇಲ್ಲದಿದ್ದರೆ, ವಯಸ್ಸಾಯಿತು, ಹಣೆಬರಹ ಅಂತ ದಾಟಿಸಿಬಿಡುತ್ತಿದ್ದರು. ನೀವು ಖಾಲಿ ಮಾತ್ರೆಯನ್ನು ಆಗ ಹೀಯಾಳಿಸಿದಿರಿ.

ಮಾವ: ಒಪ್ಪಿದೆ. ಆದರೆ ಆ ಹದಿಮೂರು ಮಂದಿಗೆ, ಇಂಥದ್ದೂ ಆಗಬಹುದು ಅಂತ ಯಾರಾದರೂ ಮೊದಲು ಹೇಳಿದ್ದರಾ?

ಸೊಸೆ: ಗೊತ್ತಿದ್ದಷ್ಟನ್ನು ಹೇಳಿ, ಸಹಿ ತಕ್ಕೊಂಡಿರುತ್ತಾರೆ. ಈಗ ನಮ್ಮಲ್ಲಿ ಇದಕ್ಕೆ 2019ರ ನಿಯಮಗಳು ಉಂಟು. ಪರೀಕ್ಷೆ ಶುರುವಾಗುವ ಮೊದಲು ಸರಕಾರದ ದಾಖಲೆ ಪುಸ್ತಕದಲ್ಲಿ ನೋಂದಾಯಿಸಬೇಕು, 2009ರಿಂದ ಅದು ಕಡ್ಡಾಯ. ಯಾರು ಬೇಕಾದರೂ ಇಂಟರ್ನೆಟ್ಟಿನಲ್ಲಿ ನೋಡಬಹುದು. ನೈತಿಕ ಸಮಿತಿಯಲ್ಲಿ ವೈದ್ಯರಲ್ಲದ ಸಾಮಾನ್ಯ ಮನುಷ್ಯರೂ ಇರಬೇಕು. ಒಪ್ಪಿಗೆ ಪತ್ರ ಶಾಸ್ತ್ರದ ಮಾತಿನಲ್ಲಿ ಇರಬಾರದು, ಸೇರುವವರಿಗೆ ಅರ್ಥವಾಗುವ ಭಾಷೆಯಲ್ಲಿ ಇರಬೇಕು. ಓದು ಬಾರದವರಾದರೆ ಪಕ್ಷಪಾತವಿಲ್ಲದ ಸಾಕ್ಷಿ ಬೇಕು. ಪರೀಕ್ಷೆಯಿಂದ ತೊಂದರೆಯಾದರೆ ಚಿಕಿತ್ಸೆಯ ಖರ್ಚು ರೋಗಿಯದ್ದಲ್ಲ. ನಡುವೆ ಬೇಡ ಅನಿಸಿದರೆ ಕಾರಣ ಹೇಳದೆ ಎದ್ದು ಬರಬಹುದು.

ಮಾವ: ಅರ್ಥವಾಗುವ ಭಾಷೆ. ಈ ಊರಿನಲ್ಲಿ ಅದು ಯಾವುದು ಹೇಳು. 1956ರಲ್ಲಿ ನಾವು ಕೂತಲ್ಲೇ ಕೂತಿದ್ದೆವು, ರಾಜ್ಯ ಬದಲಾಯಿತು. ನನ್ನ ತರಗತಿಯಲ್ಲಿ ಮನೆಯಲ್ಲಿ ತುಳು, ಅಂಗಡಿಯಲ್ಲಿ ಮಲಯಾಳ, ಪುಸ್ತಕದಲ್ಲಿ ಕನ್ನಡ, ಹೀಗೆ ಮೂರು ನಾಲಗೆಯ ಮಕ್ಕಳು. ಅವರಲ್ಲೊಬ್ಬ ಇವತ್ತು ಐವತ್ತರ ಗಂಡಸಾಗಿ ನಿನ್ನ ಎದುರು ಬಂದು ಕೂತರೆ, ಓದಲಿಕ್ಕೆ ಯಾವ ಹಾಳೆ ಕೊಡುತ್ತೀ? ಮಲಯಾಳ ಮಾತಾಡುತ್ತಾನೆ, ಓದಲಿಕ್ಕೆ ಬರುವುದಿಲ್ಲ. ಕನ್ನಡ ಓದುತ್ತಾನೆ, ಆದರೆ ಹೊಟ್ಟೆ ನೋಯುವುದು ತುಳುವಿನಲ್ಲಿ. ಬಂಜಿ ಬೇನೆ ಅಂದಾಗಲೇ ಅವನಿಗೆ ನೋವು ಅನಿಸುವುದು.

ಸೊಸೆ: ಅದಕ್ಕೇ ಹಾಳೆ ಕೊಟ್ಟು ಸುಮ್ಮನೆ ಕೂರುವ ಹಾಗಿಲ್ಲ. ಎದುರು ಕೂತು, ಅವರ ಮಾತಿನಲ್ಲಿ ಹೇಳಿ, ವಾಪಸ್ ಅವರ ಬಾಯಲ್ಲೇ ಹೇಳಿಸಿ ಕೇಳಬೇಕು. ನನ್ನ ಅರ್ಧ ದಿನ ಅದರಲ್ಲೇ ಹೋಗುತ್ತದೆ.

ಮಾವ: ಬಾಕಿ ಊರಿನವರು ಒಪ್ಪಿಗೆ ಪತ್ರ ಅಂದರೆ ಕಾಗದ ಅಂದುಕೊಳ್ಳುತ್ತಾರೆ. ನಮ್ಮ ಮುಳಿಯಾರು ಪಂಚಾಯತಿನವರಿಗೆ ಹಾಗಲ್ಲ. ಇಪ್ಪತ್ತು ವರ್ಷಕ್ಕಿಂತ ಹೆಚ್ಚು ಗೇರು ತೋಟದ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು, 2000ದವರೆಗೆ. ಬಾವಿಗೆ ಬಿತ್ತು, ಮಕ್ಕಳ ಮೇಲೆ ಬಿತ್ತು. ಯಾರಾದರೂ ಹಾಳೆ ತಂದು ನಿಮಗೆ ಒಪ್ಪಿಗೆಯಾ ಅಂತ ಕೇಳಿದರಾ? ಎಲ್ಲ ಮುಗಿದ ಮೇಲೆ ಬಂದರು, ಒಬ್ಬರ ಹಿಂದೆ ಒಬ್ಬರು, ಪ್ರಶ್ನೆಪತ್ರಿಕೆ ಹಿಡಿದುಕೊಂಡು. ಆಗಲೂ ನಾನು ಕೆಲವರಿಗೆ ಕನ್ನಡ ಮಾಡಿಕೊಟ್ಟಿದ್ದೇನೆ. ಇಲ್ಲಿ ಹಾಳೆ ಹಿಡಿದು ಬಂದವರನ್ನು ಕಂಡರೆ ಮುದುಕರು ಮೊದಲು ಆಕಾಶ ನೋಡುತ್ತಾರೆ.

ಸೊಸೆ: ...

ಮಾವ: ನಿನ್ನ ಮೇಲೆ ಹೇಳಿದ್ದಲ್ಲ. ಚಾ ಕುಡಿ, ಆರಿತು. ಆರರಲ್ಲಿ ಒಂದು ಆಮೇಲೆ ಹೇಳುತ್ತೇನೆ ಅಂದಿದ್ದೆಯಲ್ಲ, ಯಾವುದು?

ಸೊಸೆ: ನಾಲ್ಕನೇ ಹಾಳೆಯಲ್ಲಿ ಉಂಟು. ನೀವೇ ಓದಿ.

ಮಾವ: "ಮಲವಿಸರ್ಜನೆಗಾಗಿ ತಾವು ಹಸ್ತಚಾಲಿತ ಕ್ರಮಗಳನ್ನು ಅವಲಂಬಿಸುತ್ತೀರಾ? ಉದಾಹರಣೆಗೆ, ಬೆರಳಿನ..." ಹ್ಞಾ.

ಸೊಸೆ: ಅದು ನನಗೆ ಸರಿ ಮಾಡಲಿಕ್ಕೇ ಆಗಲಿಲ್ಲ. ಹಸ್ತಚಾಲಿತ ಅಂದರೆ ನೀರು ಸೇದುವ ಪಂಪು ಅಂದುಕೊಂಡಾರು. ಬಿಡಿಸಿ ಕೇಳಿದರೆ ಎದ್ದು ಹೋದಾರು. ಇದುವರೆಗೆ ನಾನು ಕೇಳಿದವರೆಲ್ಲ ಇಲ್ಲ ಅಂದರು. ಎಲ್ಲರೂ, ತಕ್ಷಣ, ನಾನು ಮುಗಿಸುವ ಮೊದಲೇ.

ಮಾವ: ಅಷ್ಟು ಬೇಗ ಇಲ್ಲ ಅಂದರೆ ಗೊತ್ತಾಗಬೇಡವಾ ನಿನಗೆ? ಮೇಷ್ಟ್ರಾಗಿ ಹೇಳುತ್ತೇನೆ. ಪ್ರಶ್ನೆ ಮುಗಿಯುವ ಮೊದಲೇ ಇಲ್ಲ ಅಂದ ಹುಡುಗನ ಚೀಲವನ್ನೇ ಮೊದಲು ನೋಡಬೇಕು. ಇದು ಯಾಕೆ ಬೇಕು ನಿಮಗೆ? ಅಷ್ಟು ಮುಖ್ಯವಾ?

ಸೊಸೆ: ಎಲ್ಲಕ್ಕಿಂತ ಮುಖ್ಯ ಅಂತ ನನಗೆ ಅನಿಸುತ್ತದೆ. ಕೆಲವರಿಗೆ ಕರುಳಿನ ಓಟ ಸರಿಯಾಗಿಯೇ ಇರುತ್ತದೆ. ದಾರಿ ಸರಿ, ಬಾಗಿಲು ತೆರೆಯುವುದಿಲ್ಲ. ಒತ್ತುವಾಗ ಸಡಿಲ ಆಗಬೇಕಾದ ಸ್ನಾಯು ಬಿಗಿಯುತ್ತದೆ. ಅಂಥವರಿಗೆ ಹರಳೆಣ್ಣೆ ಕೊಡಿ, ಪ್ರುಕಲೊಪ್ರೈಡ್ ಕೊಡಿ, ಮುಚ್ಚಿದ ಬಾಗಿಲಿಗೆ ಜನ ನೂಕಿದ ಹಾಗೆ. ಇಂಥವರು ಗೊತ್ತಿಲ್ಲದೆ ಪರೀಕ್ಷೆಯೊಳಗೆ ಸೇರಿದರೆ ಒಳ್ಳೆಯ ಮದ್ದು ಕೂಡ ಸೋತ ಹಾಗೆ ಕಾಣುತ್ತದೆ. ಅವರೂ, ಇನ್ನೊಂದು ಮದ್ದು ಹಿಡಿಯಲಿಲ್ಲ ಅಂತ ಮನೆಗೆ ಹೋಗುತ್ತಾರೆ.

ಮಾವ: ಅದು ಗೊತ್ತಾಗುವುದು ಹೇಗೆ?

ಸೊಸೆ: ಅದಕ್ಕೆ ಒಂದು ಸುಲಭ ಪರೀಕ್ಷೆ ಉಂಟು. ಸಣ್ಣ ಬಲೂನು ಒಳಗಿಟ್ಟು 50 ಮಿಲಿಲೀಟರ್ ನೀರು ತುಂಬಿಸುತ್ತಾರೆ. ಕಕ್ಕಸಿಗೆ ಹೋಗಿ ಅದನ್ನು ಹೊರಗೆ ಹಾಕಬೇಕು. ಸರಿಯಿದ್ದವರಲ್ಲಿ ಹೆಚ್ಚಿನವರಿಗೆ ಒಂದು ನಿಮಿಷ ಸಾಕು.

ಮಾವ: ಆಗದವರಿಗೆ?

ಸೊಸೆ: ಮದ್ದಲ್ಲ, ಅಭ್ಯಾಸ. ಸ್ನಾಯು ಬಿಗಿಯುವುದನ್ನು, ಸಡಿಲ ಆಗುವುದನ್ನು ಪರದೆಯಲ್ಲಿ ತೋರಿಸುತ್ತಾ ಕಲಿಸುತ್ತಾರೆ, ಬಯೋಫೀಡ್‌ಬ್ಯಾಕ್ ಅಂತ. ಇಟಲಿಯಲ್ಲಿ 109 ಮಂದಿ ಇಂಥವರಲ್ಲಿ ಅರ್ಧದಷ್ಟು ಜನಕ್ಕೆ ಈ ಅಭ್ಯಾಸ, ಉಳಿದವರಿಗೆ ಭೇದಿ ಮದ್ದು ಕೊಟ್ಟು ನೋಡಿದರು. ವರದಿ 2006ರದ್ದು. ಆರು ತಿಂಗಳ ಮೇಲೆ ಅಭ್ಯಾಸ ಮಾಡಿದವರಲ್ಲಿ ನೂರಕ್ಕೆ 80 ಮಂದಿ ತುಂಬ ಸುಧಾರಿಸಿದ್ದರು. ಮದ್ದಿನವರಲ್ಲಿ 22.

ಮಾವ: ಎಂಬತ್ತು.

ಸೊಸೆ: ಹೌದು. ಆದರೆ ಅಲ್ಲಿಗೆ ತಲುಪಬೇಕಾದರೆ ಈ ಪ್ರಶ್ನೆಗೆ ಯಾರಾದರೂ ಹೌದು ಅನ್ನಬೇಕು.

ಮಾವ: ಬಾಯಿಬಿಟ್ಟು ಕೇಳಬೇಡ ಇದನ್ನು. ಬರೆದು ಕೊಟ್ಟು ನೀನು ಆಚೆ ಹೋಗು. ಬರೆದದ್ದಕ್ಕೆ ಟಿಕ್ ಹಾಕಲಿಕ್ಕೆ ಆಗುತ್ತದೆ, ಕೇಳಿದ್ದಕ್ಕೆ ಹೇಳಲಿಕ್ಕೆ ಆಗುವುದಿಲ್ಲ. ಮತ್ತೆ, "ಅವಲಂಬಿಸುತ್ತೀರಾ" ಅಂತ ಪೊಲೀಸರ ಹಾಗೆ ಬೇಡ. ಪೆನ್ನು ಎಲ್ಲಿ... ಇಗೊ. "ಕೆಲವರಿಗೆ ಎಷ್ಟು ಒತ್ತಿದರೂ ಆಗದೆ, ಕೊನೆಗೆ ಬೆರಳಿನಿಂದ ತೆಗೆಯಬೇಕಾಗುತ್ತದೆ. ನಿಮಗೂ ಹಾಗೆ ಆದದ್ದುಂಟಾ?" ಕೆಲವರಿಗೆ ಅಂತ ಮೊದಲು ಇರಬೇಕು. ತಾನು ಒಬ್ಬನೇ ಅಲ್ಲ ಅಂತ ಗೊತ್ತಾಗಬೇಕು.

ಸೊಸೆ: ಇದು ಸರಿ ಇದೆ ಮಾವ. ಇದನ್ನೇ ಇಡುತ್ತೇನೆ.

ಮಾವ: ನಿನ್ನ ಬಸ್ಸು ಎಷ್ಟು ಗಂಟೆಗೆ?

ಸೊಸೆ: ಐದೂವರೆಗೆ. ಚೆರ್ಕಳದಲ್ಲಿ ಬದಲಿಸಬೇಕು.

ಮಾವ: ಸೋಮವಾರ ನಾನೂ ಮಂಗಳೂರಿಗೆ ಬರುತ್ತೇನೆ. ನಿನ್ನ ಮದ್ದಿನ ಪರೀಕ್ಷೆಗಲ್ಲ.

ಸೊಸೆ: ಅದಕ್ಕೆ ನಿಮ್ಮನ್ನು ನಾನು ಸೇರಿಸುವ ಹಾಗೂ ಇಲ್ಲ. ಮತ್ತೆ ಎಂತಕ್ಕೆ?

ಮಾವ: ಆ ಬಲೂನಿನ ಡಾಕ್ಟರು ಯಾವ ಮಾಳಿಗೆಯಲ್ಲಿ ಕೂರುತ್ತಾರೆ ಅಂತ ಹೇಳಿದರೆ ಸಾಕು. ಅತ್ತೆಯ ಹತ್ತಿರ, ಕಣ್ಣು ತೋರಿಸಲಿಕ್ಕೆ ಅಂತ ಹೇಳು.